ಓದುಗರ ಪ್ರಶ್ನೆ: ಮೆದುಳಿನ ಚಿತ್ರಕ್ಕೆ ಕೆಂಪು ಬಳಿದವರು ಯಾರು?

ಮೆದುಳಿನ ಸ್ಕ್ಯಾನ್, ಕಣ್ಣಿನ ಮೋಸ, ಮನಸ್ಸು ಓದುತ್ತದೆ ಎನ್ನುವ ಯಂತ್ರ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇವುಗಳ ಸುತ್ತಲೇ ಇವೆ. ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪತ್ರಿಕೆಗಳಲ್ಲಿ ಮೆದುಳಿನ ಚಿತ್ರ ಹಾಕಿ, ಒಂದು ಕಡೆ ಕೆಂಪು-ಹಳದಿ ತೋರಿಸಿ ‘ಪ್ರೀತಿ ಹುಟ್ಟುವ ಜಾಗ ಇದೇ’ ಎಂದು ಬರೆಯುತ್ತಾರೆ. ಆ ಜಾಗ ನಿಜವಾಗಿಯೂ ಕೆಂಪಾಗುತ್ತದೆಯೇ? ಉಳಿದ ಭಾಗ ಆಗ ಸುಮ್ಮನಿರುತ್ತದೆಯೇ?
– ಓದುಗರೊಬ್ಬರು, ಶಿರಸಿ

ಎರಡೂ ಇಲ್ಲ. ಆ ಬಣ್ಣವನ್ನು ಕೊನೆಯಲ್ಲಿ ಕಂಪ್ಯೂಟರ್ ಹಚ್ಚುತ್ತದೆ. ಎಷ್ಟರ ಮೇಲಿದ್ದರೆ ಹಚ್ಚಬೇಕು ಎಂದು ಹೇಳಿಕೊಡುವವರು ಸಂಶೋಧಕರು.

ಇಂಥ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಎಂಬ ಸ್ಕ್ಯಾನ್ ಅಳೆಯುವುದು ರಕ್ತವನ್ನು, ಯೋಚನೆಯನ್ನಲ್ಲ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗೆ ಸ್ವಲ್ಪ ಕಾಂತೀಯ ಗುಣವಿದೆ, ಆಮ್ಲಜನಕ ಹೊತ್ತದ್ದಕ್ಕೆ ಅದು ಇಲ್ಲ. ನರಕೋಶಗಳು ಚುರುಕಾದ ಕಡೆಗೆ ಬೇಕಾದದ್ದಕ್ಕಿಂತ ಹೆಚ್ಚೇ ಹೊಸ ರಕ್ತ ನುಗ್ಗುತ್ತದೆ. ಆಗ ಸಂಕೇತವನ್ನು ಕೆಡಿಸುವ, ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಪಾಲು ತಗ್ಗಿ, ಅಲ್ಲಿನ ಸಂಕೇತ ಒಂದಿಷ್ಟು ಏರುತ್ತದೆ. ಈ ತತ್ತ್ವವನ್ನು ಸೀಜಿ ಒಗಾವಾ ಮತ್ತು ಸಂಗಡಿಗರು 1990ರಲ್ಲಿ ತೋರಿಸಿಕೊಟ್ಟರು. ಏರಿಕೆ ಎಷ್ಟು ಎಂದು ಕೇಳಿದರೆ ನಿರಾಸೆಯಾದೀತು: 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ ಸಾಮಾನ್ಯವಾಗಿ ಶೇ 1–2, ಎಷ್ಟೋ ಸಲ ಅದಕ್ಕೂ ಕಡಿಮೆ. ಅದೂ ತಡವಾಗಿ ಬರುತ್ತದೆ. ನೀವು ಚಿತ್ರ ನೋಡಿದ 5–6 ಸೆಕೆಂಡ್ ಬಳಿಕ ಸಂಕೇತ ತುದಿ ಮುಟ್ಟುತ್ತದೆ, ಇಳಿಯಲು ಮತ್ತೆ ಅಷ್ಟೇ ಹೊತ್ತು ಬೇಕು. ನರಕೋಶದ ಕೆಲಸ ನಡೆಯುವುದು ಮಿಲಿಸೆಕೆಂಡ್‌ಗಳಲ್ಲಿ. ಇನ್ನು ಯಂತ್ರ ಬೇರ್ಪಡಿಸಿ ನೋಡಬಲ್ಲ ಅತಿ ಚಿಕ್ಕ ತುಂಡು, ಅಂದರೆ ವೋಕ್ಸೆಲ್, ಸಾಮಾನ್ಯವಾಗಿ 2–3 ಮಿ.ಮೀ. ಉದ್ದ-ಅಗಲ-ಎತ್ತರದ್ದು. ಅಷ್ಟರೊಳಗೆ ಲಕ್ಷಗಟ್ಟಲೆ ನರಕೋಶಗಳಿವೆ. ಬೀದಿಯ ನೀರಿನ ಮೀಟರ್ ನೋಡಿ, ಆ ಬೀದಿಯಲ್ಲಿ ಈಗ ನೀರು ಹೆಚ್ಚು ಖರ್ಚಾಗಿದೆ ಎನ್ನಬಹುದು. ಯಾರ ಮನೆಯಲ್ಲಿ ಬಟ್ಟೆ ಒಗೆದರು, ಯಾರ ಮನೆಯಲ್ಲಿ ಬೀಗರೂಟ ಎಂದು ಹೇಳಲಾಗದು.

ಬಣ್ಣ ಬರುವುದು ಕಳೆಯುವ ಲೆಕ್ಕದಿಂದ. ಮುಖದ ಚಿತ್ರ ನೋಡುವಾಗಿನ ಸಂಕೇತದಿಂದ ಮನೆಯ ಚಿತ್ರ ನೋಡುವಾಗಿನದನ್ನು ಕಳೆಯುತ್ತಾರೆ. ಉಳಿದ ವ್ಯತ್ಯಾಸ ಒಂದು ಗಡಿ ದಾಟಿದರೆ ಕೆಂಪು, ಇನ್ನೂ ದಾಟಿದರೆ ಹಳದಿ. ಬೂದು ಉಳಿದ ಭಾಗದಲ್ಲಿ ಎರಡೂ ಹೊತ್ತಿನ ವ್ಯತ್ಯಾಸ ಆ ಗಡಿ ದಾಟಲಿಲ್ಲ ಎಂದಷ್ಟೇ ತಿಳಿಯಬೇಕು. ದೇಹದ ತೂಕದ ಶೇ 2ರಷ್ಟಿರುವ ಮೆದುಳು ಸುಮ್ಮನೆ ಕುಳಿತಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ತಿನ್ನುತ್ತದೆ. ಅದರಲ್ಲಿ ರಜೆ ತೆಗೆದುಕೊಳ್ಳುವ ಮೂಲೆಯೇ ಇಲ್ಲ. ‘ಮೆದುಳಿನ ಶೇ 10 ಮಾತ್ರ ಬಳಸುತ್ತೇವೆ’ ಎಂಬ ವಾಟ್ಸ್‌ಆ್ಯಪ್ ಜ್ಞಾನದ ಬಗ್ಗೆ ಕೇಳಿದ ಮೂವರು ಓದುಗರಿಗೂ ಇದೇ ಉತ್ತರ.

‘ಪ್ರೀತಿಯ ಜಾಗ’ ಎನ್ನುವಲ್ಲಿ ಇನ್ನೊಂದು ಎಡವಟ್ಟಿದೆ. 2011ರಲ್ಲಿ ಅಮೆರಿಕದ ದೊಡ್ಡ ಪತ್ರಿಕೆಯೊಂದರಲ್ಲಿ, ಐಫೋನ್ ಕಂಡಾಗ ಇನ್ಸುಲಾ ಎಂಬ ಭಾಗ ಚುರುಕಾಗುತ್ತದೆ, ಆದ್ದರಿಂದ ಜನ ಫೋನನ್ನು ನಿಜಕ್ಕೂ ಪ್ರೀತಿಸುತ್ತಾರೆ ಎಂದು ಲೇಖನ ಬಂತು. ನಲವತ್ತಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ ಸಂಪಾದಕರಿಗೆ ಪತ್ರ ಬರೆದರು: ಮೆದುಳಿನ ಚಿತ್ರಣದ ಅಧ್ಯಯನಗಳಲ್ಲಿ ಮೂರನೇ ಒಂದರಷ್ಟರಲ್ಲಿ ಇನ್ಸುಲಾ ಕಾಣಿಸಿಕೊಳ್ಳುತ್ತದೆ. ನೋವು, ಅಸಹ್ಯ, ರುಚಿ, ಎದೆಬಡಿತದ ಅರಿವು, ಎಲ್ಲಕ್ಕೂ ಅದು ಸ್ಪಂದಿಸುತ್ತದೆ. ಪ್ರೀತಿಸಿದರೆ ಇನ್ಸುಲಾ ಚುರುಕಾಗುತ್ತದೆ ಎನ್ನುವುದು ಒಂದು ಮಾತು, ಇನ್ಸುಲಾ ಚುರುಕಾಯಿತು, ಆದ್ದರಿಂದ ಪ್ರೀತಿ ಎನ್ನುವುದು ಬೇರೆಯೇ ಮಾತು. ಪತ್ರಿಕೆಯಲ್ಲಿ ಕೆಂಪು ಚುಕ್ಕೆ ಕಂಡಾಗ ‘ಯಾವುದರಿಂದ ಯಾವುದನ್ನು ಕಳೆದಿದ್ದಾರೆ?’ ಎಂದು ಹುಡುಕಿ. ಬರೆದಿರದಿದ್ದರೆ ಪುಟ ತಿರುಗಿಸಬಹುದು.

ಸತ್ತ ಮೀನು ಕೂಡ ಯೋಚಿಸುತ್ತದೆ ಎಂದು ಸ್ಕ್ಯಾನ್ ತೋರಿಸಿತಂತೆ. ಇದು ತಮಾಷೆಯೋ ನಿಜವೋ?
– ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ

ಎರಡೂ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಅಟ್ಲಾಂಟಿಕ್ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಅದಕ್ಕೆ ಮನುಷ್ಯರ ಫೋಟೊಗಳನ್ನು ತೋರಿಸಿ, ‘ಈ ವ್ಯಕ್ತಿಗೆ ಏನನ್ನಿಸುತ್ತಿದೆ?’ ಎಂದು ವಿಧಿವತ್ತಾಗಿ ಕೇಳಿದರು. ಲೆಕ್ಕ ಹಾಕಿದಾಗ ಮೀನಿನ ಮೆದುಳಿನಲ್ಲಿ ಕೆಂಪು ಚುಕ್ಕೆ ಕಂಡಿತು. 2012ರಲ್ಲಿ ಈ ಕೆಲಸಕ್ಕೆ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ) ಬಂತು.

ಲೆಕ್ಕ ಹೀಗಿದೆ. ಒಂದು ಸ್ಕ್ಯಾನ್‌ನಲ್ಲಿ 1,00,000 ವೋಕ್ಸೆಲ್ ಇವೆ ಎನ್ನಿ. ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ‘ಇಲ್ಲಿ ಬದಲಾವಣೆ ಆಯಿತೇ?’ ಎಂದು ಪರೀಕ್ಷೆ ಮಾಡುತ್ತೀರಿ. ನೂರಕ್ಕೆ ಐದು ಸಲ ಸುಳ್ಳು ‘ಹೌದು’ ಬರಲು ಬಿಟ್ಟರೆ, ಏನೂ ಆಗದಿದ್ದರೂ 5,000 ಚುಕ್ಕೆ ಏಳುತ್ತವೆ. ಸಾವಿರಕ್ಕೆ ಒಂದು ಎಂದು ಬಿಗಿ ಮಾಡಿದರೂ 100 ಉಳಿಯುತ್ತವೆ. ಮೀನಿನಲ್ಲಿ ಕಂಡದ್ದು ಈ ಬಗೆಯ ಚುಕ್ಕೆ. ಎಷ್ಟು ಪರೀಕ್ಷೆ ಮಾಡಿದ್ದೇವೆ ಎಂಬುದನ್ನು ಲೆಕ್ಕಕ್ಕೆ ತಂದು ಗಡಿಯನ್ನು ತಿದ್ದಿದ ಕೂಡಲೇ ಅವು ಮಾಯವಾದವು.

ತಿದ್ದುವ ದಾರಿಗಳಲ್ಲೂ ತೊಡಕಿದೆ. ನೂರಕ್ಕೆ ಐದು ಎಂಬ ಗಡಿಯನ್ನು, ಅಂದರೆ 0.05ನ್ನು, 1,00,000ದಿಂದ ಭಾಗಿಸುವುದು ಸರಳ ದಾರಿ. ಆದರೆ ಅಕ್ಕಪಕ್ಕದ ವೋಕ್ಸೆಲ್‌ಗಳು ಒಂದರಂತೆ ಒಂದು ವರ್ತಿಸುವುದರಿಂದ ಇದು ಅತಿ ಬಿಗಿಯಾಗಿ, ನಿಜವಾದದ್ದೂ ಕೈತಪ್ಪುತ್ತದೆ. ಹಾಗಾಗಿ ಒಂಟಿ ಚುಕ್ಕೆ ಬಿಟ್ಟು, ಗುಂಪಾಗಿ ಎದ್ದವನ್ನು ಮಾತ್ರ ನಂಬುವ ವಿಧಾನ ಬಳಕೆಗೆ ಬಂತು. ಎಷ್ಟು ದೊಡ್ಡ ಗುಂಪು ಆಕಸ್ಮಿಕವಾಗಿ ಮೂಡಬಹುದು ಎಂಬ ಊಹೆಯೇ ಸಡಿಲವಾಗಿತ್ತು ಎಂದು 2016ರಲ್ಲಿ ಆ್ಯಂಡರ್ಸ್ ಎಕ್ಲುಂಡ್ ತಂಡ ತೋರಿಸಿತು. ಸುಮ್ಮನೆ ಮಲಗಿದ್ದ 499 ಆರೋಗ್ಯವಂತರ ಸ್ಕ್ಯಾನ್‌ಗಳ ಮೇಲೆ ಲಕ್ಷಾಂತರ ಸಲ ಹುಸಿ ಪ್ರಯೋಗ ನಡೆಸಿದಾಗ, ಶೇ 5 ಇರಬೇಕಿದ್ದ ಸುಳ್ಳು ಫಲಿತಾಂಶ ಕೆಲವು ಹೊಂದಾಣಿಕೆಗಳಲ್ಲಿ ಶೇ 70ರವರೆಗೆ ಹೋಯಿತು. ಮೀನಿನ ಕಥೆ ಎಲ್ಲರಿಗೂ ನೆನಪಿದೆ, ಇದು ನೆನಪಿಲ್ಲ. ಹೆಚ್ಚು ಗಂಭೀರವಾದದ್ದು ಇದೇ.

ದತ್ತಾಂಶ ಒಂದೇ ಆದರೆ ಯಾರು ಲೆಕ್ಕ ಹಾಕಿದರೂ ಉತ್ತರ ಒಂದೇ ಬರಬೇಕಲ್ಲವೇ? ವಿಜ್ಞಾನಿಗಳು ಏಕೆ ಜಗಳವಾಡುತ್ತಾರೆ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಬ್ಯಾಂಕಿನ ಲೆಡ್ಜರ್‌ನಲ್ಲಿ ಹೌದು. ಇಲ್ಲಿ ಕೂಡಿಸುವ ಮೊದಲೇ ಹತ್ತಾರು ತೀರ್ಮಾನ ಮಾಡಬೇಕಾಗುತ್ತದೆ, ಒಂದೊಂದಕ್ಕೂ ಎರಡು-ಮೂರು ಸಮರ್ಥ ದಾರಿಗಳಿವೆ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 108 ಜನರ ಎಫ್‌ಎಂಆರ್‌ಐ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟರು. ಹಣ ಪಣಕ್ಕಿಡುವ ಆಟ ಆಡುವಾಗ ತೆಗೆದ ಸ್ಕ್ಯಾನ್‌ಗಳು ಅವು. ‘ಹೌದು-ಇಲ್ಲ’ ಎಂದು ಉತ್ತರಿಸಬೇಕಾದ 9 ಊಹೆಗಳು. ಎಪ್ಪತ್ತರಲ್ಲಿ ಯಾವ ಎರಡು ತಂಡಗಳೂ ಪೂರ್ತಿ ಒಂದೇ ದಾರಿ ಹಿಡಿಯಲಿಲ್ಲ! ಕೆಲವು ಊಹೆಗಳಿಗೆ ಬಹುತೇಕ ಎಲ್ಲರೂ ಒಂದೇ ಉತ್ತರ ಕೊಟ್ಟರು, ಉಳಿದವುಗಳಲ್ಲಿ ಅಭಿಪ್ರಾಯ ಗಣನೀಯವಾಗಿ ಒಡೆಯಿತು.

ಎಲ್ಲಿ ದಾರಿ ಕವಲೊಡೆಯುತ್ತದೆ? ಮೊದಲು ತಲೆ ಅಲುಗಾಟ. ಒಳಗೆ ಮಲಗಿದವರು ಒಂದೆರಡು ಮಿ.ಮೀ. ಕದಲಿದರೂ ವೋಕ್ಸೆಲ್ ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಕದಲಿದವರನ್ನು ಕೈಬಿಡಬೇಕು? ಆಮೇಲೆ ಮಸುಕು ಮಾಡುವುದು. ಗದ್ದಲ ತಗ್ಗಿಸಲು ಪ್ರತಿ ವೋಕ್ಸೆಲ್‌ಗೆ ಅಕ್ಕಪಕ್ಕದವುಗಳ ಸರಾಸರಿ ಬೆರೆಸುತ್ತಾರೆ. 5 ಮಿ.ಮೀ. ಮಸುಕು ಹಾಕಿದವರಿಗೆ ಕಾಣದ್ದು 8 ಮಿ.ಮೀ. ಹಾಕಿದವರಿಗೆ ಕಾಣಬಹುದು. ಆ 70 ತಂಡಗಳಲ್ಲೂ ಚಿತ್ರ ನುಣುಪಾದಷ್ಟೂ ‘ಹೌದು’ ಎನ್ನುವ ಸಾಧ್ಯತೆ ಹೆಚ್ಚಿತ್ತು. ಬಳಿಕ ತಂತ್ರಾಂಶದ ಆಯ್ಕೆ, ಗಡಿ ತಿದ್ದುವ ವಿಧಾನ, ಕೊನೆಗೆ ‘ಅಮಿಗ್ಡಲಾ ಎಂಬ ಮೆದುಳಿನ ಭಾಗ ನಕ್ಷೆಯಲ್ಲಿ ಎಲ್ಲಿಂದ ಎಲ್ಲಿಯವರೆಗೆ’ ಎಂಬ ಎಲ್ಲೆ. ಸೋಜಿಗವೆಂದರೆ ಮಧ್ಯದ ಹಂತದ ನಕ್ಷೆಗಳನ್ನು ಹೋಲಿಸಿದರೆ ಎಷ್ಟೋ ತಂಡಗಳವು ಒಂದನ್ನೊಂದು ಚೆನ್ನಾಗಿಯೇ ಹೋಲುತ್ತಿದ್ದವು. ಕೊನೆಯ ‘ಹೌದು-ಇಲ್ಲ’ದಲ್ಲಿ ಬೇರೆಯಾದವು.

ಇದು ಮೆದುಳಿನ ಸಂಶೋಧಕರದ್ದೇ ರೋಗ ಎಂದುಕೊಳ್ಳಬೇಡಿ. ಫುಟ್‌ಬಾಲ್ ರೆಫರಿಗಳು ಕಪ್ಪು ಚರ್ಮದ ಆಟಗಾರರಿಗೆ ಹೆಚ್ಚು ರೆಡ್ ಕಾರ್ಡ್ ಕೊಡುತ್ತಾರೆಯೇ ಎಂಬ ಪ್ರಶ್ನೆಗೆ 29 ತಂಡಗಳು ಒಂದೇ ದತ್ತಾಂಶ ಹಿಡಿದು ಕೂತವು. 2018ರಲ್ಲಿ ಫಲಿತಾಂಶ ಬಂತು: 20 ತಂಡ ಹೌದು ಎಂದವು, 9 ತಂಡಗಳಿಗೆ ಗಟ್ಟಿ ಆಧಾರ ಕಾಣಲಿಲ್ಲ.

ಮದ್ದು ಏನು ಎಂದೂ ಕೇಳಿದ್ದೀರಿ. ದತ್ತಾಂಶ ನೋಡುವ ಮೊದಲೇ ‘ಹೀಗೆ ಹೀಗೆ ಲೆಕ್ಕ ಹಾಕುತ್ತೇವೆ’ ಎಂದು ಬರೆದು ನೋಂದಾಯಿಸುವುದು, ಕಚ್ಚಾ ದತ್ತಾಂಶ ಮತ್ತು ಕೋಡ್ ಬಿಚ್ಚಿಡುವುದು, ಒಂದೇ ದಾರಿಯ ಬದಲು ಸಮರ್ಥವಾದ ಎಲ್ಲ ದಾರಿಗಳಲ್ಲೂ ಹೋಗಿ ಉತ್ತರ ಎಷ್ಟು ಅಲುಗಾಡುತ್ತದೆ ಎಂದು ತೋರಿಸುವುದು. ಮೂರನೆಯದು ಎಲ್ಲಕ್ಕಿಂತ ಪ್ರಾಮಾಣಿಕ. ಮಾಡುವವರು ಕಡಿಮೆ, ಏಕೆಂದರೆ ಉತ್ತರ ಅಲುಗಾಡಿದರೆ ಪ್ರಬಂಧಕ್ಕೆ ಒಳ್ಳೆಯ ಶೀರ್ಷಿಕೆ ಸಿಗುವುದಿಲ್ಲ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕಣ್ಣು ಕ್ಯಾಮೆರಾದಂತೆ ಅಲ್ಲ, ಮೆದುಳು ಅರ್ಥ ಕಟ್ಟುತ್ತದೆ ಎಂದು ಖರ್ಚಿಲ್ಲದೆ ಮಕ್ಕಳಿಗೆ ತೋರಿಸುವುದು ಹೇಗೆ?
– ಶಿಕ್ಷಕಿ, ಕೊಪ್ಪಳ ಜಿಲ್ಲೆ

ಮೂರು ಪ್ರಯೋಗ ಹೇಳುತ್ತೇವೆ. ಮೂರಕ್ಕೂ ಒಂದು ಪೀರಿಯಡ್ ಸಾಕು.

ಮೊದಲನೆಯದು ಕುರುಡು ಚುಕ್ಕೆ. ಬಿಳಿ ಹಾಳೆಯ ಎಡಗಡೆ ಒಂದು ಕೂಡಿಸುವ ಗುರುತು, ಅದರ ಬಲಕ್ಕೆ ಸರಿಯಾಗಿ 8 ಸೆಂ.ಮೀ. ದೂರದಲ್ಲಿ 1 ಸೆಂ.ಮೀ. ಅಗಲದ ಕಪ್ಪು ಚುಕ್ಕೆ ಬರೆಯಿಸಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡಿಸುವ ಗುರುತನ್ನೇ ನೋಡುತ್ತ, ಹಾಳೆಯನ್ನು 50 ಸೆಂ.ಮೀ. ದೂರದಿಂದ ನಿಧಾನವಾಗಿ ಹತ್ತಿರ ತರಬೇಕು. ಸುಮಾರು 30 ಸೆಂ.ಮೀ. ಹತ್ತಿರ ಚುಕ್ಕೆ ಕಾಣೆಯಾಗುತ್ತದೆ, ಇನ್ನೂ ಹತ್ತಿರ ತಂದರೆ ಮತ್ತೆ ಬರುತ್ತದೆ. ನೋಟದ ನಡುವಿನಿಂದ ಹೊರಬದಿಗೆ ಸುಮಾರು 15 ಡಿಗ್ರಿಯಲ್ಲಿ ದೃಷ್ಟಿನರ ಹೊರಡುವ ಜಾಗವಿದೆ. ಸುಮಾರು ಹತ್ತು ಲಕ್ಷ ನರತಂತುಗಳು ಅಲ್ಲಿಂದ ಹಿಂದಕ್ಕೆ ತೂರುವುದರಿಂದ ಬೆಳಕು ಹಿಡಿಯುವ ಕೋಶಗಳಿಗೆ ಅಲ್ಲಿ ಜಾಗವಿಲ್ಲ. (ಆಕ್ಟೋಪಸ್‌ನ ಕಣ್ಣಿನಲ್ಲಿ ತಂತುಗಳು ಹಿಂಬದಿಯಿಂದಲೇ ಹೊರಡುತ್ತವೆ, ಅದಕ್ಕೆ ಕುರುಡು ಚುಕ್ಕೆ ಇಲ್ಲ.) ಈಗ ಮುಖ್ಯ ಹಂತ: ಚುಕ್ಕೆಯ ಮೂಲಕ ಹಾದುಹೋಗುವಂತೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದು ಮತ್ತೆ ನೋಡಿಸಿ. ಚುಕ್ಕೆ ಹೋಗುತ್ತದೆ, ಗೆರೆ ಮಾತ್ರ ಎಲ್ಲೂ ತುಂಡಾಗದೆ ಕಾಣುತ್ತದೆ. ಆ ನಡುವಿನ ಗೆರೆ ಮೆದುಳು ತುಂಬಿದ್ದು.

‘ನನಗೆ ಆಗಲಿಲ್ಲ ಮಿಸ್’ ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ಹೆಚ್ಚಾಗಿ ಅವರ ಕಣ್ಣು ಚುಕ್ಕೆಯತ್ತ ಜಾರಿರುತ್ತದೆ, ಪಕ್ಕದಲ್ಲಿ ಕೂತವರು ಕಣ್ಣನ್ನು ಗಮನಿಸುತ್ತಿರಲಿ. ತಲೆ ಅಥವಾ ಹಾಳೆ ಓರೆಯಾದರೂ ಕೆಡುತ್ತದೆ. ಚುಕ್ಕೆ 2.5 ಸೆಂ.ಮೀ. ಮೀರಿದರೆ ಅಂಚು ಉಳಿದುಕೊಳ್ಳುತ್ತದೆ. ಎಡಗಣ್ಣಿಗೆ ಮಾಡುವಾಗ ಹಾಳೆಯನ್ನು ತಲೆಕೆಳಗು ಮಾಡಿಕೊಂಡರೆ ಸರಿ.

ಎರಡನೆಯದಕ್ಕೆ ಒಂದು ಕೈಗನ್ನಡಿ. ಅದರಲ್ಲಿ ನಿಮ್ಮ ಎಡಗಣ್ಣನ್ನು ನೋಡಿ, ತಟ್ಟನೆ ಬಲಗಣ್ಣನ್ನು ನೋಡಿ. ಕಣ್ಣು ಸರಿದದ್ದು ನಿಮಗೆ ಕಾಣುವುದೇ ಇಲ್ಲ, ಎದುರು ಕೂತವರಿಗೆ ಚೆನ್ನಾಗಿ ಕಾಣುತ್ತದೆ. ಸೆಕೆಂಡಿಗೆ ಮೂರು-ನಾಲ್ಕು ಸಲ ಕಣ್ಣು ಹೀಗೆ ಜಿಗಿಯುತ್ತದೆ. ಜಿಗಿತದ ಹೊತ್ತಿನ ಕಲಸಿದ ಚಿತ್ರವನ್ನು ಮೆದುಳು ನಮ್ಮ ಅರಿವಿಗೆ ಬಿಟ್ಟುಕೊಡುವುದಿಲ್ಲ. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಮಾಡಿದರೆ ಚಲನೆ ಕಾಣಬಹುದು, ಏಕೆಂದರೆ ಫೋನ್ ಚಿತ್ರವನ್ನು ಒಂದಿಷ್ಟು ತಡಮಾಡಿ ತೋರಿಸುತ್ತದೆ. ‘ಏಕೆ?’ ಎಂದು ಮಕ್ಕಳನ್ನೇ ಕೇಳಿ, ಒಳ್ಳೆಯ ಚರ್ಚೆಯಾಗುತ್ತದೆ.

ಮೂರನೆಯದು ಕಿವಿಯದು. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ 1976ರಲ್ಲಿ ಪ್ರಕಟಿಸಿದ್ದು. ಒಬ್ಬರ ಮುಖ ಪೂರ್ತಿ ಕಾಣುವಂತೆ, ಸೆಕೆಂಡಿಗೆ ಒಂದರಂತೆ ‘ಗ, ಗ, ಗ’ ಎನ್ನುವ ವಿಡಿಯೊ ಮಾಡಿ. ಅದೇ ತಾಳಕ್ಕೆ ‘ಬ, ಬ, ಬ’ ಎಂದು ಧ್ವನಿ ಮುದ್ರಿಸಿ. ಫೋನಿನ ಯಾವುದಾದರೂ ವಿಡಿಯೊ ಎಡಿಟಿಂಗ್ ಆ್ಯಪ್‌ನಲ್ಲಿ ಮೂಲ ಧ್ವನಿ ತೆಗೆದು ಇದನ್ನು ಕೂಡಿಸಿ. ನೋಡುತ್ತ ಕೇಳಿದವರಲ್ಲಿ ಹಲವರಿಗೆ ‘ದ’ ಅಥವಾ ‘ಡ’ ಕೇಳಿಸುತ್ತದೆ, ಕಣ್ಣು ಮುಚ್ಚಿದರೆ ಶುದ್ಧ ‘ಬ’. ‘ಬ’ ಎನ್ನಲು ತುಟಿ ಮುಚ್ಚಲೇಬೇಕು. ಕಣ್ಣು ತುಟಿ ಮುಚ್ಚಲಿಲ್ಲ ಎನ್ನುತ್ತದೆ, ಕಿವಿ ‘ಬ’ ಎನ್ನುತ್ತದೆ, ಎರಡಕ್ಕೂ ಹೊಂದುವ ನಡುವಿನ ಅಕ್ಷರವನ್ನು ಮೆದುಳು ಆರಿಸಿಕೊಳ್ಳುತ್ತದೆ. ಅದಲು-ಬದಲು ಮಾಡಿ, ಅಂದರೆ ‘ಬ’ ಮುಖಕ್ಕೆ ‘ಗ’ ಧ್ವನಿ ಹಾಕಿದರೆ, ಹೀಗೆ ಒಂದೇ ಅಕ್ಷರವಾಗಿ ಬೆರೆಯುವುದು ಅಪರೂಪ. ಬ್ಲೂಟೂತ್ ಸ್ಪೀಕರ್ ಬಳಸಬೇಡಿ, ಅದರ ತಡದಿಂದ ತುಟಿಗೂ ಸದ್ದಿಗೂ ತಾಳ ತಪ್ಪುತ್ತದೆ. ಎಲ್ಲರಿಗೂ ಈ ಪರಿಣಾಮ ಆಗುವುದಿಲ್ಲ. ಆಗದ ಮಗುವಿನ ಕಿವಿಯಲ್ಲಿ ದೋಷವಿದೆ ಎಂದೇನೂ ಅಲ್ಲ.

ಅಮ್ಮನ ಎದೆಯ ಸಿ.ಟಿ. ಸ್ಕ್ಯಾನ್ ಬಗ್ಗೆ ಇಬ್ಬರು ರೇಡಿಯಾಲಜಿಸ್ಟರ ವರದಿ ಬೇರೆ ಬೇರೆ ಬಂದಿದೆ. ಒಬ್ಬರು ನೋಡಿಯೇ ಇಲ್ಲ ಎಂದು ಭಾವಿಸಬೇಕೇ?
– ಓದುಗರು, ಹಾಸನ

ನೋಡಿಯೂ ಕಾಣದಿರಬಹುದು. 2013ರ ಒಂದು ಪ್ರಯೋಗದಲ್ಲಿ ಶ್ವಾಸಕೋಶದ ಸಿ.ಟಿ. ಚಿತ್ರಗಳಲ್ಲಿ ಗಂಟು ಹುಡುಕಲು 24 ರೇಡಿಯಾಲಜಿಸ್ಟರಿಗೆ ಹೇಳಿದರು. ಕೊನೆಯ ರೋಗಿಯ ಚಿತ್ರದಲ್ಲಿ ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರ ಸೇರಿಸಿದ್ದರು. 20 ಜನ ಅದನ್ನು ಹೇಳಲಿಲ್ಲ. ಕಣ್ಣಿನ ಚಲನೆ ದಾಖಲಿಸಿದ್ದರಿಂದ ಇನ್ನೊಂದು ಗೊತ್ತಾಯಿತು: ಆ ಇಪ್ಪತ್ತರಲ್ಲಿ 12 ಜನರ ಕಣ್ಣು ಗೊರಿಲ್ಲಾ ಮೇಲೆಯೇ ನಿಂತಿತ್ತು. ಅವರು ಬಿಳಿ ಗಂಟು ಹುಡುಕುತ್ತಿದ್ದರು, ಗೊರಿಲ್ಲಾ ಕಪ್ಪಗಿತ್ತು. ಒಂದು ದೋಷ ಸಿಕ್ಕ ಕೂಡಲೇ ಹುಡುಕಾಟ ಸಡಿಲವಾಗುವುದೂ ರೇಡಿಯಾಲಜಿಯಲ್ಲಿ ಗೊತ್ತಿರುವ ದೌರ್ಬಲ್ಯ.

ಜೊತೆಗೆ ಸಿ.ಟಿ.ಯಲ್ಲಿ ‘ಕಿಟಕಿ’ ಎಂಬುದಿದೆ. ಯಂತ್ರ ಸುಮಾರು 4,000 ಮಟ್ಟಗಳ ಸಾಂದ್ರತೆ ದಾಖಲಿಸುತ್ತದೆ, ಅಷ್ಟು ಬೂದು ಛಾಯೆಗಳನ್ನು ಕಣ್ಣು ಬೇರ್ಪಡಿಸಲಾರದು. ಹಾಗಾಗಿ ಅದರಲ್ಲಿ ಒಂದಿಷ್ಟು ಮಟ್ಟಗಳನ್ನು ಮಾತ್ರ ಆಯ್ದು ತೋರಿಸುತ್ತಾರೆ: ಶ್ವಾಸಕೋಶಕ್ಕೆ ಒಂದು ಹೊಂದಾಣಿಕೆ, ಹೃದಯ-ದುಗ್ಧಗ್ರಂಥಿಗಳ ಭಾಗಕ್ಕೆ ಇನ್ನೊಂದು, ಮೂಳೆಗೆ ಮತ್ತೊಂದು. ಒಂದರಲ್ಲಿ ಎದ್ದು ಕಾಣುವುದು ಇನ್ನೊಂದರಲ್ಲಿ ಪೂರ್ತಿ ಬಿಳಿ ಅಥವಾ ಕಪ್ಪಾಗಿ ಅಳಿಸಿಹೋಗುತ್ತದೆ. ಫಿಲ್ಮ್‌ನಲ್ಲಿ ಅಚ್ಚಾಗಿರುವುದು ಆಯ್ದ ಕೆಲವು ಮಾತ್ರ.

ನೀವು ಮಾಡಬಹುದಾದದ್ದು: ಫಿಲ್ಮ್ ಜೊತೆಗೆ ಸ್ಕ್ಯಾನ್‌ನ ಸಿ.ಡಿ. ಕೇಳಿ ಪಡೆಯಿರಿ, ಅದರಲ್ಲಿ ಎಲ್ಲ ಕಿಟಕಿಗಳೂ ಸಿಗುತ್ತವೆ. ಹಳೆಯ ಎಕ್ಸ್-ರೇ, ಸ್ಕ್ಯಾನ್ ಏನಿದ್ದರೂ ಒಯ್ಯಿರಿ. ಎರಡು ವರ್ಷದಿಂದ ಬೆಳೆಯದ ಗಂಟಿಗೂ ಹೊಸದಾಗಿ ಬಂದ ಗಂಟಿಗೂ ಅರ್ಥ ಬೇರೆ. ಸ್ಕ್ಯಾನ್ ಚೀಟಿಯಲ್ಲಿ ‘ಎದೆ ಸಿ.ಟಿ.’ ಎಂದಷ್ಟೇ ಇದ್ದರೆ ಸಾಲದು. ಕೆಮ್ಮು ಎಷ್ಟು ದಿನದಿಂದ, ಹಿಂದೆ ಟಿ.ಬಿ. ಆಗಿತ್ತೇ ಎಂಬುದನ್ನು ವೈದ್ಯರಿಂದ ಬರೆಯಿಸಿ. ಮೂರನೆಯವರ ಅಭಿಪ್ರಾಯ ಬೇಕೆಂದರೆ ಮೊದಲು ಚಿತ್ರ ಕೊಡಿ, ಹಿಂದಿನ ವರದಿಗಳನ್ನು ಆಮೇಲೆ ತೋರಿಸಿ. ಕೊನೆಯ ಮಾತನ್ನು ಅಮ್ಮನನ್ನು ಮುಟ್ಟಿ ಪರೀಕ್ಷಿಸುವ ವೈದ್ಯರೇ ಹೇಳಬೇಕು, ನಾವಲ್ಲ.

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಇಇಜಿ (ತಲೆಯ ಮೇಲೆ ಎಲೆಕ್ಟ್ರೋಡ್ ಇಟ್ಟು ಹಿಡಿಯುವ ಮೆದುಳಿನ ವಿದ್ಯುತ್ ಅಲೆ) ದಾಖಲಿಸುತ್ತಿದ್ದೇನೆ. ಎಲ್ಲರಲ್ಲೂ 50 ಹರ್ಟ್ಸ್‌ನಲ್ಲಿ ದೊಡ್ಡ ಶಿಖರ ಬರುತ್ತಿದೆ. ಇದನ್ನು ಗಾಮಾ ಅಲೆ ಎಂದು ಬರೆಯಬಹುದೇ?
– ವಿದ್ಯಾರ್ಥಿ, ಮಂಗಳೂರು

ದಯವಿಟ್ಟು ಬೇಡ. ಅದು ಗೋಡೆಯ ಪ್ಲಗ್‌ನಿಂದ ಬರುವ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆ, ಮೆದುಳಿನದ್ದಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ, ಟ್ಯೂಬ್‌ಲೈಟ್ ಆರಿಸಿ, ಗ್ರೌಂಡ್ ಮತ್ತು ರೆಫರೆನ್ಸ್ ಎಲೆಕ್ಟ್ರೋಡ್‌ಗಳನ್ನು ಮತ್ತೆ ಕೂರಿಸಿ. ಎಲ್ಲ ಎಲೆಕ್ಟ್ರೋಡ್‌ಗಳ ಇಂಪೀಡೆನ್ಸ್ (ಚರ್ಮಕ್ಕೂ ಎಲೆಕ್ಟ್ರೋಡ್‌ಗೂ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್‌ಗಿಂತ ಕೆಳಗೆ ತನ್ನಿ. ತಲೆಗೆ ಎಣ್ಣೆ ಹಚ್ಚಿ ಬಂದವರಲ್ಲಿ ಇದು ತುಂಬ ಕಷ್ಟ, ಹಿಂದಿನ ದಿನವೇ ತಲೆಸ್ನಾನ ಮಾಡಿ ಬರಲು ಹೇಳಬೇಕು. 50 ಹರ್ಟ್ಸ್ ಅನ್ನು ಮಾತ್ರ ಕತ್ತರಿಸುವ ನಾಚ್ ಫಿಲ್ಟರ್ ಕೊನೆಯ ಅಸ್ತ್ರ.

ಉಪಕರಣ ಸರಿ ಇದೆಯೇ ಎಂದು ನೋಡಲು ಮನುಷ್ಯರ ಇಇಜಿಯನ್ನು ಮೊದಲು ದಾಖಲಿಸಿದ ಹ್ಯಾನ್ಸ್ ಬರ್ಗರ್ ಕಾಲದ ಪರೀಕ್ಷೆಯೇ ಸಾಕು. ಕಣ್ಣು ಮುಚ್ಚಿಸಿ. ತಲೆಯ ಹಿಂಬದಿಯ ಓ1, ಓ2 ಎಲೆಕ್ಟ್ರೋಡ್‌ಗಳಲ್ಲಿ 8–12 ಹರ್ಟ್ಸ್ ಆಲ್ಫಾ ಏಳಬೇಕು, ಕಣ್ಣು ತೆರೆದರೆ ತಗ್ಗಬೇಕು. ಕೆಲವರಲ್ಲಿ ಆಲ್ಫಾ ಸಹಜವಾಗಿಯೇ ಮಂದ. ಒಬ್ಬರಲ್ಲೂ ಏಳದಿದ್ದರೆ ಮಾತ್ರ ದಾಖಲೆ ನಿಲ್ಲಿಸಿ ವೈರ್ ಹುಡುಕಿ.

ನೀವು ಹುಡುಕುವುದು ಪಿ300 (ಮಹತ್ವದ ಸಂಗತಿ ಎದುರಾದ ಸುಮಾರು 300 ಮಿಲಿಸೆಕೆಂಡ್‌ಗಳಿಗೆ ಏಳುವ ಅಲೆ) ಥರದ್ದಾದರೆ, ಅದು 5–10 ಮೈಕ್ರೋವೋಲ್ಟ್. ಒಂದು ರೆಪ್ಪೆ ಬಡಿತ ಹಣೆಯ ಮೇಲೆ 100 ಮೈಕ್ರೋವೋಲ್ಟ್ ದಾಟುತ್ತದೆ. ಸರಾಸರಿ ತೆಗೆದಾಗ ಗದ್ದಲ ಇಳಿಯುವುದು ಪ್ರಯತ್ನಗಳ ಸಂಖ್ಯೆಯ ವರ್ಗಮೂಲದಂತೆ: 25 ಸಲಕ್ಕೆ ಐದನೇ ಒಂದು, 100 ಸಲಕ್ಕೆ ಹತ್ತನೇ ಒಂದು. ಆದ್ದರಿಂದ 15 ಸಲ ತೋರಿಸಿ ಪಿ300 ಕಂಡಿತು ಎನ್ನುವ ಮೊದಲು ಯೋಚಿಸಿ. ಕೆಳಗಿನ ಫಿಲ್ಟರ್ 0.1 ಹರ್ಟ್ಸ್ ಸುತ್ತ ಇರಲಿ. 1 ಹರ್ಟ್ಸ್ ಇಟ್ಟರೆ ಗೆರೆ ಚೆಂದ ಕಾಣುತ್ತದೆ, ಪಿ300ನಂಥ ನಿಧಾನದ ಅಲೆ ಮಾತ್ರ ವಿಕಾರವಾಗುತ್ತದೆ. ಯಾವ ಎಲೆಕ್ಟ್ರೋಡ್, ಯಾವ ಮಿಲಿಸೆಕೆಂಡ್‌ನಿಂದ ಯಾವುದರವರೆಗೆ ಎಂದು ದಾಖಲೆಗೆ ಮೊದಲೇ ಬರೆದಿಟ್ಟು ಗೈಡ್ ಸಹಿ ಹಾಕಿಸಿಕೊಳ್ಳಿ. ಗ್ರಾಫ್ ನೋಡಿ ಉಬ್ಬಿರುವಲ್ಲಿ ಅಳೆದರೆ ಅದು ಮೇಲೆ ಹೇಳಿದ ಸಾಲ್ಮನ್ ಮೀನೇ.

ಬ್ರೇನ್ ಮ್ಯಾಪಿಂಗ್ ವರದಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆಯೇ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ನಿಮ್ಮ ಪಠ್ಯದಲ್ಲೇ ಇರಬೇಕಾದ ತೀರ್ಪು: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, ಸುಪ್ರೀಂ ಕೋರ್ಟ್, 5 ಮೇ 2010. ನಾರ್ಕೊ ಅನಾಲಿಸಿಸ್, ಪಾಲಿಗ್ರಾಫ್, ಬ್ರೇನ್ ಮ್ಯಾಪಿಂಗ್ ಮೂರನ್ನೂ ವ್ಯಕ್ತಿಯ ಒಪ್ಪಿಗೆ ಇಲ್ಲದೆ ನಡೆಸುವಂತಿಲ್ಲ. ನಡೆಸಿದರೆ, ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದು ಎಂದು ಸಂವಿಧಾನದ 20(3)ನೇ ವಿಧಿ ಕೊಟ್ಟ ರಕ್ಷಣೆ ಮುರಿದಂತೆ. ಒಪ್ಪಿಗೆಯಿಂದ ನಡೆದರೂ ಪರೀಕ್ಷೆಯ ಫಲಿತಾಂಶ ತಾನಾಗಿ ಸಾಕ್ಷ್ಯವಲ್ಲ. ಅದರ ನೆರವಿನಿಂದ ಆಮೇಲೆ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನು ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಂ ಪ್ರಕಾರ ಸ್ವೀಕರಿಸಬಹುದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೇ ಕಲಮಿನ ಪರಂತುಕವಾಗಿದೆ.

ವಿಜ್ಞಾನದ ಕಡೆಯ ಆಕ್ಷೇಪ ಸರಳ. ಬ್ರೇನ್ ಮ್ಯಾಪಿಂಗ್ ನೆಚ್ಚಿಕೊಂಡಿರುವುದು ಮೇಲೆ ಹೇಳಿದ ಪಿ300ನಂಥ ಇಇಜಿ ಅಲೆಯನ್ನು. ಪರಿಚಿತ ಅಥವಾ ಮಹತ್ವದ ಸಂಗತಿ ಎದುರಾದಾಗ ಸುಮಾರು 300 ಮಿಲಿಸೆಕೆಂಡ್‌ಗಳಿಗೆ ಒಂದು ಅಲೆ ಏಳುತ್ತದೆ, ನಿಜ. ಆ ಪರಿಚಯ ಕೊಲೆ ಮಾಡಿದ್ದರಿಂದ ಬಂತೋ, ಕೊಲೆ ನೋಡಿದ್ದರಿಂದಲೋ, ಪತ್ರಿಕೆ ಓದಿದ್ದರಿಂದಲೋ, ಠಾಣೆಯಲ್ಲಿ ಹತ್ತು ಸಲ ಅದೇ ಪ್ರಶ್ನೆ ಕೇಳಿದ್ದರಿಂದಲೋ, ಅಲೆಗೆ ಗೊತ್ತಿಲ್ಲ.

ಎಡ ಮೆದುಳಿನವರು ಲೆಕ್ಕದಲ್ಲಿ, ಬಲ ಮೆದುಳಿನವರು ಕಲೆಯಲ್ಲಿ ಮುಂದೆ ಎಂದು ಟ್ಯೂಷನ್‌ನವರು ಪರೀಕ್ಷೆ ಮಾಡುತ್ತಾರೆ. ಹಣ ಕಟ್ಟಬಹುದೇ?
– ಪೋಷಕರು, ತುಮಕೂರು

ಬೇಡ. ಭಾಷೆ ಹೆಚ್ಚಿನವರಲ್ಲಿ ಎಡಗಡೆಗೆ ವಾಲಿದೆ, ಅಷ್ಟು ನಿಜ. ‘ಎಡ ಮೆದುಳಿನ ಮಗು’ ಎಂಬುದು ಇಲ್ಲ.

ಎರಡು ಅರ್ಧಗಳ ಕಥೆ ಹುಟ್ಟಿದ ಮೂಲ ಸಂಶೋಧನೆ ಇದಕ್ಕಿಂತ ಸ್ವಾರಸ್ಯವಾಗಿದೆ. ಗುಣವಾಗದ ಮೂರ್ಛೆರೋಗಕ್ಕಾಗಿ ಎರಡೂ ಅರ್ಧಗಳನ್ನು ಬೆಸೆಯುವ ನರಪಟ್ಟಿಯನ್ನು ಕತ್ತರಿಸಿಕೊಂಡವರನ್ನು ರೋಜರ್ ಸ್ಪೆರಿ (1981ರ ನೊಬೆಲ್) ಮತ್ತು ಮೈಕೆಲ್ ಗ್ಯಾಜನಿಗ ಪರೀಕ್ಷಿಸಿದರು. ಮುಂದೆ ಗ್ಯಾಜನಿಗ ಮತ್ತು ಜೋಸೆಫ್ ಲಡೂ ಅಂಥ ಒಬ್ಬ ಹುಡುಗನ ಎಡ ಅರ್ಧಕ್ಕೆ ಕೋಳಿಯ ಕಾಲುಗುರು, ಬಲ ಅರ್ಧಕ್ಕೆ ಹಿಮ ಮುಚ್ಚಿದ ಮನೆ ತೋರಿಸಿದರು. ಹೊಂದುವ ಚಿತ್ರ ಆರಿಸು ಎಂದಾಗ ಬಲಗೈ ಕೋಳಿಯನ್ನೂ, ಬಲ ಅರ್ಧ ನಡೆಸುವ ಎಡಗೈ ಸಲಿಕೆಯನ್ನೂ ತೋರಿಸಿತು. ಸಲಿಕೆ ಏಕೆ? ಮಾತನಾಡುವ ಎಡ ಅರ್ಧಕ್ಕೆ ಹಿಮದ ಚಿತ್ರ ಗೊತ್ತೇ ಇಲ್ಲ. ಆದರೂ ಒಂದು ಕ್ಷಣವೂ ತಡವರಿಸದೆ ಉತ್ತರ ಬಂತು: ಕೋಳಿಗೂಡು ಗುಡಿಸಲು ಸಲಿಕೆ ಬೇಕಲ್ಲ! ಸುಳ್ಳು ಹೇಳುವ ಉದ್ದೇಶ ಹುಡುಗನಿಗೆ ಇರಲಿಲ್ಲ. ಸಿಕ್ಕ ತುಣುಕುಗಳಿಗೆ ಕಾರಣ ಹೊಂದಿಸುವ ಈ ಚಾಳಿಗೆ ಗ್ಯಾಜನಿಗ ‘ವ್ಯಾಖ್ಯಾನಕಾರ’ ಎಂದು ಹೆಸರಿಟ್ಟರು. ಪ್ರಬಂಧದ ಕೊನೆಯಲ್ಲಿ ‘ಇದು ಏಕೆ ಹೀಗಾಯಿತೆಂದರೆ’ ಎಂದು ಬರೆಯಲು ಕೂತ ಸಂಶೋಧಕರ ತಲೆಯಲ್ಲೂ ಅದೇ ವ್ಯಾಖ್ಯಾನಕಾರ ಕೂತಿರುತ್ತಾನೆ.

ಎ.ಐ. ಈಗ ಮನಸ್ಸಿನ ಮಾತನ್ನು ಓದುತ್ತದಂತೆ. ಕನ್ನಡದಲ್ಲಿ ಯೋಚಿಸಿದರೂ ಓದುತ್ತದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

2023ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ಮಾಡಿದ ಕೆಲಸದ ಸುದ್ದಿ ನೀವು ಓದಿರಬೇಕು. ಮೂವರು, ತಲಾ 16 ಗಂಟೆ ಎಫ್‌ಎಂಆರ್‌ಐ ಒಳಗೆ ಮಲಗಿ ಇಂಗ್ಲಿಷ್ ಕಥೆ ಕೇಳಿದರು. ಇಂಗ್ಲಿಷ್ ಮಾತು ಸೆಕೆಂಡಿಗೆ ಎರಡು ಪದ ಮೀರಿ ಓಡುತ್ತದೆ, ರಕ್ತದ ಸಂಕೇತ ಹತ್ತು ಸೆಕೆಂಡ್ ಎಳೆಯುತ್ತದೆ. ಹಾಗಾಗಿ ಒಂದೊಂದು ಸ್ಕ್ಯಾನ್‌ನಲ್ಲಿ 20ಕ್ಕೂ ಹೆಚ್ಚು ಪದಗಳು ಕಲಸಿಕೊಂಡಿರುತ್ತವೆ. ಅದರಿಂದ ನೇರವಾಗಿ ಪದ ಹೆಕ್ಕಲಾಗದು. ಭಾಷಾ ಮಾದರಿ ‘ಮುಂದೆ ಈ ಪದ ಬರಬಹುದು’ ಎಂದು ಹಲವು ಸಾಲುಗಳನ್ನು ಊಹಿಸುತ್ತದೆ. ಆ ಸಾಲು ಕೇಳಿದ್ದರೆ ಈ ವ್ಯಕ್ತಿಯ ಮೆದುಳು ಹೇಗೆ ಸ್ಪಂದಿಸುತ್ತಿತ್ತು ಎಂದು ಲೆಕ್ಕ ಹಾಕುತ್ತದೆ. ನಿಜವಾದ ಸ್ಕ್ಯಾನ್‌ಗೆ ಹೆಚ್ಚು ಹೊಂದುವ ಸಾಲನ್ನು ಉಳಿಸಿಕೊಳ್ಳುತ್ತದೆ. ‘ನನ್ನ ಹತ್ತಿರ ಇನ್ನೂ ಡ್ರೈವಿಂಗ್ ಲೈಸೆನ್ಸ್ ಇಲ್ಲ’ ಎಂಬ ಮಾತು ‘ಅವಳು ಇನ್ನೂ ಡ್ರೈವಿಂಗ್ ಕಲಿಯಲು ಶುರುವೇ ಮಾಡಿಲ್ಲ’ ಎಂದಾಗಿ ಹೊರಬಂತು. ಭಾವ ಸಿಕ್ಕಿದೆ, ಆಡಿದವರೇ ಬದಲಾಗಿದ್ದಾರೆ.

ಒಬ್ಬರ ಮೇಲೆ ಪಳಗಿಸಿದ ಮಾದರಿ ಇನ್ನೊಬ್ಬರ ಮೇಲೆ ನಡೆಯಲಿಲ್ಲ. ಒಳಗಿದ್ದವರು ಮನಸ್ಸಿನಲ್ಲಿ ಪ್ರಾಣಿಗಳ ಹೆಸರು ಹೇಳಿಕೊಂಡರೆ ಅಥವಾ ಬೇರೆ ಕಥೆ ನೆನೆಸಿಕೊಂಡರೆ ಕೈಕೊಟ್ಟಿತು. ಕನ್ನಡಕ್ಕೆ ಇದೇ ದಾರಿ ಹಿಡಿಯುವುದಾದರೆ ಒಳ್ಳೆಯ ಕನ್ನಡ ಭಾಷಾ ಮಾದರಿ ಬೇಕು, ಜೊತೆಗೆ ಹತ್ತಾರು ಗಂಟೆ ಅಲುಗಾಡದೆ ಕಥೆ ಕೇಳುವ ನೀವು ಬೇಕು. ಕದ್ದು ಓದುವ ಭಯ ಸದ್ಯಕ್ಕಿಲ್ಲ. ಹಲವು ಟನ್ ತೂಕದ ಯಂತ್ರದೊಳಗೆ ನಿಮ್ಮನ್ನು ಗೊತ್ತಿಲ್ಲದಂತೆ ಮಲಗಿಸುವುದು ಕಷ್ಟ.

ಮೆದುಳಿನ ಪ್ರತಿಯೊಂದು ತಂತುವಿನ ನಕ್ಷೆ ಸಿಕ್ಕಿಬಿಟ್ಟರೆ ಎಲ್ಲ ಅರ್ಥವಾದಂತೆಯೇ?
– ಓದುಗರು, ಉಡುಪಿ

ಸಿ. ಎಲೆಗನ್ಸ್ ಎಂಬ 1 ಮಿ.ಮೀ. ಹುಳುವಿನ 302 ನರಕೋಶಗಳ ಜೋಡಣೆ 1986ರಿಂದ ಕೈಯಲ್ಲಿದೆ. ಹುಳು ಏನು ಮಾಡುತ್ತದೆ ಎಂಬುದನ್ನು ಪೂರ್ತಿ ಅದರಿಂದ ಹೇಳಲು ಇಂದಿಗೂ ಆಗಿಲ್ಲ. ತಂತಿ ಅದೇ ಇದ್ದರೂ ಹಸಿವು, ರಾಸಾಯನಿಕಗಳಿಂದ ಅದರ ವರ್ತನೆ ಬದಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಹಣ್ಣುನೊಣದ ಪೂರ್ತಿ ಮೆದುಳಿನ ನಕ್ಷೆ ಬಂತು: 1,39,255 ನರಕೋಶ, 5 ಕೋಟಿ ಮೀರಿದ ಸಂಪರ್ಕ. ಅಷ್ಟನ್ನೂ ಕಂಪ್ಯೂಟರ್ ತಾನೇ ಗುರುತಿಸಿತು ಎಂದುಕೊಳ್ಳಬೇಡಿ. ಅದು ಎರಡು ತಂತುಗಳನ್ನು ಒಂದಾಗಿ ಅಂಟಿಸುತ್ತದೆ, ಒಂದನ್ನು ನಡುವೆ ಕಡಿಯುತ್ತದೆ. ಸಂಶೋಧಕರೂ ಸ್ವಯಂಸೇವಕರೂ ಕೂತು ಕೈಯಾರೆ ತಿದ್ದಿದರು. ನಮ್ಮ ತಲೆಯಲ್ಲಿರುವುದು ಸುಮಾರು 8,600 ಕೋಟಿ ನರಕೋಶ.

ಈ ಪ್ರಶ್ನೆಗೆ ನಮಗೆ ಇಷ್ಟವಾದ ಉತ್ತರ ಎರಿಕ್ ಜೋನಾಸ್ ಮತ್ತು ಕಾನ್ರಾಡ್ ಕೋರ್ಡಿಂಗ್ 2017ರಲ್ಲಿ ಪ್ರಕಟಿಸಿದ್ದು. ಹಳೆಯ ಆಪಲ್ ಕಂಪ್ಯೂಟರ್‌ನಲ್ಲಿದ್ದ 6502 ಎಂಬ ಚಿಪ್ ತೆಗೆದುಕೊಂಡರು. ಅದರ 3,510 ಟ್ರಾನ್ಸಿಸ್ಟರ್‌ಗಳ ನಕ್ಷೆ ಪೂರ್ತಿ ಗೊತ್ತಿದೆ, ಪ್ರತಿ ಕ್ಷಣ ಒಂದೊಂದೂ ಏನು ಮಾಡುತ್ತಿದೆ ಎಂದು ಕಂಪ್ಯೂಟರ್ ಅನುಕರಣೆಯಲ್ಲಿ ಅಳೆಯಬಹುದು, ಮನುಷ್ಯರೇ ವಿನ್ಯಾಸ ಮಾಡಿದ್ದರಿಂದ ಸರಿಯಾದ ಉತ್ತರವೂ ಗೊತ್ತಿದೆ. ಇದರ ಮೇಲೆ ಮೆದುಳಿಗೆ ಬಳಸುವ ವಿಧಾನಗಳನ್ನೇ ಪ್ರಯೋಗಿಸಿದರು. ಮೂರು ವಿಡಿಯೊ ಗೇಮ್ ಓಡಿಸುತ್ತ ಒಂದೊಂದೇ ಟ್ರಾನ್ಸಿಸ್ಟರ್ ಕೆಡಿಸಿ ನೋಡಿದರು. ಕೆಲವನ್ನು ಕೆಡಿಸಿದಾಗ ‘ಡಾಂಕಿ ಕಾಂಗ್’ ಮಾತ್ರ ನಿಂತಿತು, ಉಳಿದೆರಡು ಆಟ ನಡೆದವು. ಮೆದುಳಿನಲ್ಲಾಗಿದ್ದರೆ ಅದಕ್ಕೆ ‘ಡಾಂಕಿ ಕಾಂಗ್ ಕೇಂದ್ರ’ ಎಂದು ಹೆಸರು ಬೀಳುತ್ತಿತ್ತು. ಚಿಪ್‌ನಲ್ಲಿ ಅಂಥದ್ದೇನೂ ಇಲ್ಲ. ಆ ಟ್ರಾನ್ಸಿಸ್ಟರ್‌ಗಳು ಕೂಡಿಸುವುದು-ಸರಿಸುವುದು ಎಂಬಂಥ ಸಾಮಾನ್ಯ ಕೆಲಸದ ಭಾಗ, ಆ ಕೆಲಸ ಆ ಆಟಕ್ಕೆ ಬೇಕಾಗಿತ್ತು ಅಷ್ಟೇ.